ಗುಡಿಯ ಮುಂದಿನ ಗೋಡೆ

ಚಿನ್ನವ್ವ, ಗುಂಡ್ಯಾ,

ಇದನ್ನು ಕರಿ ಮಾರ್ಕರ್ ಪೆನ್ನಿನಿಂದ ಬರೆಯುತ್ತಿದ್ದೇನೆ. ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದಪ್ಪ. ಸಾಲುಗಳು ಅಲ್ಲಲ್ಲಿ ದಿಬ್ಬ ಹತ್ತಿ ಇಳಿದಿರುತ್ತವೆ, ಒಂದರ ಮೇಲೊಂದು ಬಿದ್ದಿದ್ದರೂ ಬಿದ್ದಿರಬಹುದು. ನನ್ನ ಕಣ್ಣು ಅರ್ಧ, ಪುಣೆಯಲ್ಲಿ ಬೆಳೆದ ನಿಮ್ಮ ಕನ್ನಡ ಅರ್ಧ. ಇಬ್ಬರೂ ಸಾವಕಾಶವಾಗಿ ಹೋದರೆ ಕೊನೆ ಮುಟ್ಟುತ್ತೇವೆ.

ಬರೆಯಲು ಕಾರಣ ನಿಮ್ಮವ್ವ. ಮನೆಗೆ ಯಾರೇ ಬರಲಿ, ಚಹಾ ಕೊಟ್ಟು ಕೂತಳೆಂದರೆ, "ನಮ್ಮ ಅತ್ತಿಯವರಿಗೆ ಗುಡಿ ಮುಂದ ಇಲ್ಲದ ಗೋಡಿ ಕಂಡಿತ್ತ್ರಿ" ಎಂದು ಶುರುಮಾಡುತ್ತಾಳೆ. ಬಂದವರು ನಗುತ್ತಾರೆ, ನೀವೂ ನಗುತ್ತೀರಿ. ನಾನು ಅಲ್ಲೇ ಕೂತಿರುತ್ತೇನೆ. ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯುವುದು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಊರ ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದೆ ಕೂಡುತ್ತಿದ್ದವಳು ನಾನು. ಆದರೆ ಪಾಟಿಯ ಮೇಲೆ ಬರೆ ಎಂದರೆ ಬರೆಯುತ್ತಿದ್ದೆ. ಈಗಲೂ ಹಾಗೇ. ನನಗೆ ಗೋಡೆ ಕಾಣಲಿಲ್ಲ, ಗೋಡೆ ಇದೆ ಎಂದು ನನಗೆ ಹೇಳಲಾಯಿತು. ಯಾರು ಹೇಳಿದರು ಎಂಬುದನ್ನು ನಿಮ್ಮವ್ವ ತನ್ನ ಕಥೆಯಲ್ಲಿ ಬಿಟ್ಟುಬಿಡುತ್ತಾಳೆ.

ನನ್ನ ಕಣ್ಣಿನ ನಡುಭಾಗ ಸವೆದಿದೆ ಎಂದು ಡಾಕ್ಟರು ಹೇಳಿದ್ದು ನಿಮಗೆ ಗೊತ್ತು. ಎದುರಿಗೆ ನಿಂತವರ ಮುಖ ಇರಬೇಕಾದ ಜಾಗದಲ್ಲಿ ಮಬ್ಬಾದ ಒಂದು ಉಂಡೆ ಇರುತ್ತದೆ. ಅಂಚಿನಲ್ಲಿ ಇರುವುದೆಲ್ಲ ಒಂದಿಷ್ಟು ಕಾಣುತ್ತದೆ: ಕಿವಿಯ ಓಲೆ, ಸೀರೆಯ ದಡಿ, ಕಾಲಿನ ಚಪ್ಪಲಿ. ಆದ್ದರಿಂದ ನಮ್ಮ ಬಿಲ್ಡಿಂಗಿನ ಮಂದಿಯನ್ನು ನಾನು ಚಪ್ಪಲಿಯ ಮೇಲೆ ಗುರುತು ಹಿಡಿಯುತ್ತೇನೆ. ಯಾರಾದರೂ ಹೊಸ ಚಪ್ಪಲಿ ತಂದರೆ ನನಗೆ ಅವರು ಹೊಸಬರು.

ಒಂದು ದಿನ ಮಧ್ಯಾಹ್ನ ಕೆಳಗೆ ಹೋಗಿದ್ದವಳು ಲಿಫ್ಟಿನಲ್ಲಿ ಬಟನ್ನು ತಡವಿ ಒತ್ತಿ, ಇಳಿದು, ಬಲಕ್ಕೆ ತಿರುಗಿ, ತೆರೆದಿದ್ದ ಬಾಗಿಲಿನಿಂದ ಒಳಗೆ ಹೋದೆ. ಎಲ್ಲ ಮಾಳಿಗೆಯೂ ಒಂದೇ ನಮೂನೆ ಇರುವ ಈ ಬಿಲ್ಡಿಂಗುಗಳಲ್ಲಿ ಕಣ್ಣಿದ್ದವರೂ ಎಡವುತ್ತಾರೆ. ಕಾಲು ತೊಳೆದು ಬಂದು ಕುರ್ಚಿಯ ಮೇಲೆ ಕೂತೆ. ಕೂತ ಮೇಲೆ ಕಾಫಿಯ ವಾಸನೆ ಬಂತು. ನಮ್ಮದು ಚಹಾದ ಮನೆ. ಇದು ನಮ್ಮ ಮನೆಯಲ್ಲ ಎಂದು ಆಗ ತಿಳಿಯಿತು.

"ಯಾರು ಬೇಕಿತ್ತು ಅಜ್ಜಿ?" ಎಂದಿತು ಒಂದು ಹೆಣ್ಣು ದನಿ. ಕನ್ನಡ, ಆದರೆ ಮೈಸೂರು ಕಡೆಯ ಕನ್ನಡ.

"ನಮ್ಮ ಮನಿ ಬೇಕಾಗಿತ್ತವಾ" ಎಂದೆ. ಬೇರೆ ಏನು ಹೇಳಲಿ.

ಆ ಹುಡುಗಿ ನಕ್ಕು, ಕಾಫಿ ಕುಡಿಸಿಯೇ ನನ್ನನ್ನು ಕೆಳಗಿನ ಮಾಳಿಗೆಗೆ ಕರೆತಂದಳು. ಹಾಸನದವಳು, ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದಳು. ಮೆಟ್ಟಿಲ ಮೇಲೆ ನನ್ನ ಕಾಲು ಹೇಗೆ ಜಾಗ ಹುಡುಕುತ್ತದೆ ಎಂಬುದನ್ನು ನೋಡುತ್ತಲೇ ಬಂದಿರಬೇಕು. ನಿಮ್ಮವ್ವ ಬಾಗಿಲು ತೆಗೆದ ಕೂಡಲೇ ಆಕೆ ಕೇಳಿದ್ದು ನನ್ನ ಕಣ್ಣಿನ ವಿಷಯ. ಆಕೆಯ ಕೆಲಸವೇ ಅದಂತೆ. ವಿಮಾನ ನಗರದಲ್ಲಿ ಒಂದು ಸಣ್ಣ ಆಫೀಸು, ಅಲ್ಲಿ ಕಣ್ಣು ಕಾಣದವರಿಗಾಗಿ ಮಾತಾಡುವ ಚಾಳೀಸು, ಅಂದರೆ ಕನ್ನಡಕ, ಮಾಡುತ್ತಾರಂತೆ. ಚಾಳೀಸಿನ ಕಡ್ಡಿಯ ಮೇಲೆ, ಕಣ್ಣಿನ ಪಕ್ಕಕ್ಕೆ, ಅವರೆಕಾಳಿನಷ್ಟು ಕ್ಯಾಮರಾ. ಅದು ನೋಡಿದ್ದನ್ನು ಮೊಬೈಲು ಅರ್ಥಮಾಡಿಕೊಂಡು ಕಿವಿಯಲ್ಲಿ ಹೇಳುತ್ತದೆ.

"ಮರಾಠಿ, ಹಿಂದಿಗೆ ಟೆಸ್ಟ್ ಮಾಡೋರು ಇದ್ದಾರೆ ಆಂಟಿ. ಕನ್ನಡಕ್ಕೆ ಯಾರೂ ಸಿಕ್ತಿಲ್ಲ. ಅಜ್ಜಿ ಒಂದು ಸಲ ಹಾಕ್ಕೊಂಡು ನೋಡ್ತಾರಾ?"

"ನಮ್ಮ ಅತ್ತಿ ಮನಿಗೆ ಬಂದ ಬೀಗರ ಜೋಡಿನಽ ಮಾತಾಡಂಗಿಲ್ಲ" ಎಂದಳು ನಿಮ್ಮವ್ವ, "ನಿಮ್ಮ ಚಾಳೀಸಿನ ಜೋಡಿ ಏನ್ ಮಾತಾಡ್ತಾರ."

"ಅಜ್ಜಿ ಮಾತಾಡಬೇಕಿಲ್ಲ, ಅದೇ ಮಾತಾಡುತ್ತೆ."

ನಾನು ಹೂಂ ಎಂದೆ. ನಿಮ್ಮವ್ವ ಬೆರಗಾದಳು. ನಾನು ಒಪ್ಪಿದ್ದು ಯಾಕೆ ಎಂದು ಆಗ ಯಾರೂ ಕೇಳಲಿಲ್ಲ, ಈಗ ಹೇಳುತ್ತೇನೆ.

ದಿನಾ ಮುಂಜಾನೆ ನಾನು ಒಬ್ಬಳೇ ಕಾಯಿಪಲ್ಯೆ ತರಲು ಹೋಗುತ್ತಿದ್ದೆ. ಮಾರ್ಕೆಟ್ ಯಾರ್ಡಿನಿಂದ ಬುಟ್ಟಿ ತುಂಬಿಸಿಕೊಂಡು ಬಂದು ರಸ್ತೆಯ ಬದಿಗೆ ಗೋಣಿತಟ್ಟು ಹಾಸಿ ಕೂಡುವ, ನಾವೆಲ್ಲ ಮಾವಶಿ ಎನ್ನುವ ಮರಾಠಿ ಪಲ್ಯೆಯವಳು ಇದ್ದಾಳಲ್ಲ, ಆಕೆಯ ಹತ್ತಿರ. ದಾರಿಯಲ್ಲಿ ಮಾರುತಿಯ ಗುಡಿ. ಗುಡಿ ಸಮೀಪಿಸಿದಾಗ ಸೆರಗು ತಲೆಗೇರಿಸಿ ಕೈಮುಗಿಯುವುದು, ಮುಂದೆ ಹೋಗಿ ಮೆಂತ್ಯೆಯ ಸೂಡನ್ನು ಮೂಸಿ, ಹುಳಿಯ ಹುಣಸಿಕ್ಕಿ ಸೊಪ್ಪಿನ ಎಲೆ ಮುಟ್ಟಿ ಆರಿಸುವುದು, ಮಾವಶಿಯ ಸೊಸೆಯ ಸುದ್ದಿ ಕೇಳುವುದು, ತಿರುಗಿ ಬರುವುದು. ನಿಮ್ಮ ಅಜ್ಜ ಹೋದ ಮೇಲೆ ಪುಣೆಗೆ ಬಂದ ನನಗೆ ಈ ಊರಿನಲ್ಲಿ ಸ್ವಂತದ್ದು ಅಂತ ಇದ್ದದ್ದು ಆ ಒಂದು ತಿರುಗಾಟ. ಉಳಿದದ್ದೆಲ್ಲ ನಿಮ್ಮದು, ನಾನು ಅದರೊಳಗೆ ಸುಖವಾಗಿದ್ದೆ.

ಆಮೇಲೆ ಒಂದು ದಿನ ಹಮಾಲರ ಕೈಗಾಡಿಗೆ ಹಾಯ್ದುಕೊಂಡು ಮೊಣಕಾಲು ಕೆತ್ತಿತು. ನಿಮ್ಮವ್ವ ಗಾಯಕ್ಕೆ ಅರಿಶಿಣ ಹಚ್ಚುತ್ತ, "ಇನ್ನ ಸಾಕ್ರಿ ಅತ್ತಿ, ಮೊಬೈಲ್‌ನ್ಯಾಗ ತರಸೂಣು" ಎಂದಳು. ಅಲ್ಲಿಂದ ಪಲ್ಯೆ ಪ್ಲಾಸ್ಟಿಕ್ ಚೀಲದಲ್ಲಿ ಬೆವರಿಕೊಂಡು ಬಾಗಿಲಿಗೆ ಬರತೊಡಗಿತು. ಆಕೆ ಅಂದದ್ದು ನನ್ನ ಹಿತಕ್ಕೇ. ಆದರೆ ಬೆಳಗಿನ ಹೊತ್ತು ಚೀಲ ಹಿಡಿದು ಬಾಗಿಲ ತನಕ ಹೋಗಿ ತಿರುಗಿ ಬರುತ್ತಿದ್ದೆ, ಮರೆತವಳಂತೆ.

ಅದಕ್ಕೆ ಹೂಂ ಎಂದದ್ದು.

ಮೇಲಿನ ಮನೆಯ ಹುಡುಗಿ ಒಂದು ಸಲ ನನ್ನನ್ನು ತನ್ನ ಆಫೀಸಿಗೆ ಕರೆದೊಯ್ದಳು. ಅಲ್ಲಿ ನಡೆದಿದ್ದು ನೋಡಿದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಒಳ್ಳೆ ಕಣ್ಣಿದ್ದ ಹುಡುಗರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಆ ಚಾಳೀಸು ಹಾಕಿಕೊಂಡು, ಕುರ್ಚಿಗಳಿಗೆ ಹಾಯುತ್ತ ತಿರುಗುತ್ತಿದ್ದರು. ಅವರ ನಡುವೆ ಒಬ್ಬ ಮಾತ್ರ ಎರಡು ಕಪ್ ಚಹಾ ಹಿಡಿದುಕೊಂಡು, ಒಂದು ಹನಿ ಚೆಲ್ಲದೆ, ಯಾರಿಗೂ ತಾಗದೆ ಬಂದು ನನಗೊಂದು ಕೊಟ್ಟ. ಅವನಿಗೆ ಹುಟ್ಟಿನಿಂದಲೇ ಕಣ್ಣಿಲ್ಲವೆಂದು ಹುಡುಗಿ ಹೇಳಿದ ಮೇಲೆ ತಿಳಿಯಿತು. ಆ ಮಿಷನ್ನಿನ ಅರ್ಧ ಬುದ್ಧಿ ಅವನು ಬರೆದದ್ದಂತೆ. ಅವನ ಕಂಪ್ಯೂಟರು ಅವನಿಗೆ ಓದಿ ಹೇಳುವ ವೇಗಕ್ಕೆ ಅದು ಮಾತೋ, ಒಗ್ಗರಣೆಯ ಸಾಸಿವೆಯೋ ತಿಳಿಯುತ್ತಿರಲಿಲ್ಲ.

ಮರಾಠಿಯಲ್ಲಿ ಕೇಳಿದ: "ಆಜಿ, ಹಾಕಿಕೊಂಡು ನೋಡಿದಿರಲ್ಲ. ಸಂಕೋಚ ಬೇಡ, ಏನು ಸರಿಯಿಲ್ಲ ಹೇಳಿ."

ಸಂಕೋಚ ಬೇಡ ಎಂದವರ ಮುಂದೆಯೇ ನನಗೆ ಸಂಕೋಚ ಹೆಚ್ಚು. ಆದರೆ ಅವನು ನನ್ನ ಮುಖ ನೋಡುತ್ತಿಲ್ಲ, ನಾನು ಅವನ ಮುಖ ನೋಡುತ್ತಿಲ್ಲ. ಅದು ಒಂದು ನಮೂನೆ ಆರಾಮ. ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ: "ಭಾಳ ಮಾತಾಡ್ತದ. ಏನೂ ಇಲ್ಲದಾಗ ಸುಮ್ಮನಿರಬೇಕು."

ಆಗ ಅದು ಬಾಯಿ ಮುಚ್ಚುತ್ತಲೇ ಇರಲಿಲ್ಲ. ಮರ, ಮರ, ಕಾರು, ನಾಯಿ, ಮನುಷ್ಯ, ಮರ. ಒಂದನೇ ಇಯತ್ತೆಯ ಹುಡುಗ ಪುಸ್ತಕ ಓದಿದ ಹಾಗೆ. ಅವನು ಜೋರಾಗಿ ನಕ್ಕು, "ಮದುವೆಯಾದ ಮೇಲೆ ನಾನೂ ಇದನ್ನೇ ಕಲಿತೆ ಆಜಿ. ಮಿಷನ್ನಿಗೂ ಕಲಿಸುತ್ತೇವೆ" ಎಂದ. ಎರಡು ವಾರದಲ್ಲಿ ಕಲಿಸಿಯೂ ಬಿಟ್ಟರು.

ಇನ್ನೊಂದು ತೊಂದರೆ ಇತ್ತು. "ಮುಂದೆ ಮೆಟ್ಟಿಲುಗಳಿವೆ, ದಯವಿಟ್ಟು ನಿಧಾನವಾಗಿ ಚಲಿಸಿ" ಎಂದು ಅದು ರೈಲ್ವೆ ಸ್ಟೇಷನ್ನಿನ ಹಾಗೆ ಹೇಳಿ ಮುಗಿಸುವಷ್ಟರಲ್ಲಿ ನಾನು ಮೆಟ್ಟಿಲ ಮೇಲೆ ಇರುತ್ತಿದ್ದೆ. ನನ್ನ ಕಿವಿಗೆ ರೂಢಿಯಾದ ದನಿ, ಗಿಡ್ಡ ಮಾತು ಬೇಕು ಎಂದಳು ಹುಡುಗಿ. ಒಂದು ರವಿವಾರ ಮೊಬೈಲು ಹಿಡಿದುಕೊಂಡು ಬಂದು ನಮ್ಮ ಊಟದ ಟೇಬಲ್ಲಿಗೆ ನಿಮ್ಮವ್ವನನ್ನು ಕೂಡಿಸಿದಳು. ನಿಮ್ಮವ್ವ ಮೊದಲು ನಾಚಿ, ಆಮೇಲೆ ಹುರುಪಿನಿಂದ ಎಲ್ಲವನ್ನೂ ಹೇಳಿದಳು: "ಮೆಟ್ಲ ಅದ, ಸಾವಕಾಶ." "ಗಾಡಿ ಬಂತು, ಬಾಜೂ ಸರೀರಿ." "ಗೋಡಿ ಅದ, ನಿಂದರ್ರಿ." "ದಾರಿ ಖಾಲಿ ಅದ, ನಡೀರಿ."

ನಿಮ್ಮಪ್ಪ ಒಳಗಿನಿಂದ, "ಮನ್ಯಾಗ ಅನ್ನೂದು ಸಾಲಂಗಿಲ್ಲಂತ ಈಗ ರಸ್ತಾದ ಮ್ಯಾಲೂ ಅವ್ವಗ ಹುಕುಮ್ ಮಾಡ್ತಾಳ" ಎಂದ.

ಹೀಗೆ ನನ್ನ ಕಿವಿಯೊಳಗೆ ನಿಮ್ಮವ್ವ ಬಂದು ಕೂತಳು. ಕಂಪೌಂಡಿನಲ್ಲಿ ಕೆಲವು ದಿನ ಹುಡುಗಿಯ ಜೊತೆ ತಿರುಗಿದೆ. ಹೂವಿನ ಕುಂಡ, ನಿಲ್ಲಿಸಿದ ಸೈಕಲ್ಲು, ಗೇಟಿನ ಉಬ್ಬು, ಎಲ್ಲ ಸರಿಯಾಗಿ ಹೇಳಿತು. ಕಡೆಗೆ ನಿಮ್ಮವ್ವ ಒಂದು ಕರಾರು ಹಾಕಿದಳು. "ಒಂದ್ ತಿಂಗಳು ಮಾವಶಿ ತನಾ ಹೋಗಿ ಬರ್ರಿ. ಎಲ್ಲಾ ಬರೋಬರಿ ಆತಂದ್ರ ಮುಂದ ನಿಮ್ಮ ಮರ್ಜಿ. ಏನಾರ ಹೆಚ್ಚುಕಡಿಮಿ ಆತಂದ್ರ ಮತ್ತ ನಾ ಬಿಡಂಗಿಲ್ಲ ನೋಡ್ರಿ."

ಮೊದಲ ಮುಂಜಾನೆ ಇಳಕಲ್ ಸೀರೆ ಉಟ್ಟು ಹೊರಟೆ. ಹಬ್ಬಕ್ಕೆ ಹೋದಂತೆ ಇತ್ತು. ಗೇಟು ದಾಟಿದೆ, ನಿಂತಿದ್ದ ಟೆಂಪೊ ಬಳಸಿದೆ. ನಿಮ್ಮವ್ವ ಕಿವಿಯಲ್ಲಿ ಹೇಳಿದಂತೆ ಎಡ ಬಲ ಸರಿದೆ. ಮಾರುತಿಯ ಗುಡಿ ಬಂತು, ಸೆರಗು ತಲೆಗೇರಿಸಿದೆ, ಕೈಮುಗಿದೆ. ಹೆಜ್ಜೆ ಮುಂದಿಡುವಷ್ಟರಲ್ಲಿ, "ಗೋಡಿ ಅದ, ನಿಂದರ್ರಿ."

ನಿಂತೆ. ನಾನು ಮನೆಯಲ್ಲಿ ಕೂತ ಇಷ್ಟು ದಿನದಲ್ಲಿ ಇಲ್ಲಿ ಗೋಡೆ ಕಟ್ಟಿದ್ದಾರೆ ಎಂದುಕೊಂಡೆ. ಪುಣೆಯಲ್ಲಿ ರಾತ್ರಿ ಇದ್ದ ರಸ್ತೆ ಬೆಳಿಗ್ಗೆ ಅಗೆದು ಬಿದ್ದಿರುತ್ತದೆ, ಗೋಡೆ ಏನು ಮಹಾ. ಕಣ್ಣು ಕಿರಿದು ಮಾಡಿ ನೋಡಿದರೆ ಮಬ್ಬಿನ ನಡುವೆ ಏನೋ ಕೇಸರಿ ಕೇಸರಿ ಕಂಡಿತು. ಅದು ಗುಡಿಯ ಕಟ್ಟೆಯ ಬಣ್ಣ. ನಾನು ಹೊಸ ಗೋಡೆಗೂ ಅದೇ ಬಣ್ಣ ಹಚ್ಚಿದ್ದಾರೆ ಎಂದು ತಿಳಿದೆ. ಯಾರನ್ನಾದರೂ ಕೇಳಬಹುದಿತ್ತು. ಗಂಡಸರು ನಿಂತಿದ್ದರು, ಕೇಳಲಿಲ್ಲ. ತಿರುಗಿ, ಹಿಂದಿನ ಓಣಿಗೆ ಇಳಿದು, ಸೆರಗು ಹೆಗಲಿಗೆ ಇಳಿಸಿಕೊಂಡು, ದೊಡ್ಡ ಸುತ್ತು ಹಾಕಿ ಮಾವಶಿಯನ್ನು ಮುಟ್ಟಿದೆ. ಆಕೆ ನನ್ನನ್ನು ನೋಡಿ ಒಂದು ಸೂಡು ಕೊತ್ತಂಬರಿ ಹೆಚ್ಚಿಗೆ ಹಾಕಿದಳು.

ಮರುದಿನವೂ ಗೋಡೆ, ಅದರ ಮರುದಿನವೂ ಗೋಡೆ. ಸಂಜೆ ಹುಡುಗಿ ಬಂದು, "ಹೇಗಿತ್ತು ಅಜ್ಜಿ? ಏನಾದ್ರೂ ಪ್ರಾಬ್ಲಂ?" ಎಂದು ಕೇಳಿದರೆ, "ಛಲೋ ಆತವಾ" ಎನ್ನುತ್ತಿದ್ದೆ. ಸುಳ್ಳಲ್ಲ. ಗೋಡೆ ಇದ್ದಲ್ಲಿ ಗೋಡೆ ಎನ್ನುವ ಮಿಷನ್ನಿನಲ್ಲಿ ಏನು ದೋಷ ಹೇಳಲಿ? ನನ್ನ ಕಣ್ಣು ನಂಬುವಂತಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಓದಿದವರು ಕೂಡಿ ಮಾಡಿದ ಮಿಷನ್ನು, ಅದರ ಮೇಲೆ ಸ್ವಂತ ಸೊಸೆಯ ದನಿ. ಇವೆರಡನ್ನೂ ಬಿಟ್ಟು ನನ್ನ ಕಣ್ಣನ್ನು ನಂಬುವುದು ಹೇಗೆ?

ತಿಂಗಳು ತುಂಬಲು ಬಂದಾಗ ಒಂದು ದಿನ ಆ ಓಣಿಯಲ್ಲಿ ಈರುಳ್ಳಿಯ ಟ್ರಕ್ಕು ಸಿಕ್ಕಿಬಿದ್ದು ನಾನು ಮನೆಗೆ ತಡವಾಗಿ ಬಂದೆ. ನಿಮ್ಮವ್ವ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲೆ ಹೋಗಿದ್ರಿ ಅತ್ತಿ, ಜೀವಾ ಹಾರಿತ್ತು ನಂದು."

"ಗುಡಿ ಮುಂದ ಗೋಡಿ ಕಟ್ಯಾರಲ್ಲವಾ, ಓಣ್ಯಾಗ ಸುತ್ತು ಹಾಕಿ ಬರಬೇಕು."

ದಿನಾ ಸ್ಕೂಟರಿನ ಮೇಲೆ ಅದೇ ರಸ್ತೆಯಲ್ಲಿ ಹೋಗುವವಳು ಆಕೆ. ನನ್ನ ಕೈಯಿಂದ ಚೀಲ ತೆಗೆದುಕೊಂಡು, ನನ್ನನ್ನು ಕೂಡಿಸಿ, ನೀರು ಕೊಟ್ಟು, ಭಾಳ ಮೆತ್ತಗೆ ಕೇಳಿದಳು: "ಗೋಡಿ ಯಾವಾಗಿಂದ ಅದ್ರಿ ಅತ್ತಿ?"

ಆ ಮೆತ್ತನೆಯ ದನಿ ನನಗೆ ಹಿಡಿಸಲಿಲ್ಲ. ಆಮೇಲೆ ಅಡಿಗೆಮನೆಯಿಂದ ನಿಮ್ಮಪ್ಪನಿಗೆ ಫೋನು ಮಾಡಿದ್ದು ಕೇಳಿಸಿತು. ಕಣ್ಣು ಹೋದವರ ಕಿವಿ ಚುರುಕು ಎಂಬುದು ಆಕೆಗೆ ನೆನಪಿರಲಿಲ್ಲ. "ಅವರಿಗೆ ಇಲ್ಲದ್ದು ಕಾಣ್ಲಿಕ್ಕೆ ಹತ್ತೇದ್ರಿ. ಕಣ್ಣಿಂದಷ್ಟಽ ಅಲ್ಲ ಇದು, ತಲಿದೂ ಇರಬೇಕು." ತಳೇಗಾಂವದ ಫ್ಯಾಕ್ಟರಿಯಿಂದ ನಿಮ್ಮಪ್ಪ ಆ ದಿನ ಬೇಗ ಬಂದ. ನನ್ನ ಪಕ್ಕ ಕೂತು, ನಾಳೆ ಡಾಕ್ಟರ ಹತ್ತಿರ ಹೋಗೋಣ, ಅಲ್ಲಿಯ ತನಕ ಹೊರಗೆ ಹೋಗುವುದು ಬೇಡ ಎಂದ. ನಿಮ್ಮವ್ವ ಪಲ್ಯೆಗೆ ಮೊಬೈಲಿನಲ್ಲಿ ಹೇಳಿಬಿಟ್ಟಳು. ನಾನು ಚಾಳೀಸು ತೆಗೆದು ಡಬ್ಬಿಯಲ್ಲಿಟ್ಟೆ. ಹೆದರಿಕೆಯಾದದ್ದು ಗೋಡೆಗಲ್ಲ. ಮನೆಯವರೆಲ್ಲ ನನ್ನ ಹತ್ತಿರ ಅಷ್ಟು ಮೆತ್ತಗೆ ಮಾತಾಡತೊಡಗಿದರೆ ಇನ್ನು ಮೇಲೆ ಬಾಗಿಲ ತನಕವೂ ಬಿಡುವುದಿಲ್ಲ ಎಂಬುದಕ್ಕೆ.

ಸಂಜೆ ಹುಡುಗಿ ಎಂದಿನಂತೆ ಬಂದಳು. ನಿಮ್ಮವ್ವ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, "ತಪ್ಪು ತಿಳ್ಕೋಬ್ಯಾಡವಾ, ಇದು ಸಾಕು" ಎಂದು ಗೋಡೆಯ ಸಂಗತಿ ಹೇಳಿದಳು.

ಹುಡುಗಿ ಹೊಸ್ತಿಲಲ್ಲೇ ನಿಂತಳು. "ಒಂದ್ನಿಮಿಷ ಆಂಟಿ. ಗೋಡೆ ಕಂಡಿತಾ, ಇಲ್ಲ ಗೋಡೆ ಇದೆ ಅಂತ ಕೇಳಿಸ್ತಾ?"

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನಗೆ ಕೇಳಿರಲಿಲ್ಲ.

"ಕೇಳಿಸ್ತವಾ" ಎಂದೆ.

ಮಿಷನ್ನು ತಾನು ನೋಡಿದ್ದನ್ನು, ಹೇಳಿದ್ದನ್ನು ಮೊಬೈಲಿನಲ್ಲಿ ಕೂಡಿಟ್ಟಿರುತ್ತದಂತೆ. ನಾನು ದಿನಾ ಛಲೋ ಆತು ಎಂದದ್ದಕ್ಕೆ ಆಕೆ ಅದನ್ನು ತೆಗೆದು ನೋಡಿರಲಿಲ್ಲ. ಈಗ ನಮ್ಮ ಟೀವಿಗೆ ಹಚ್ಚಿದಳು. ನನಗೆ ಟೀವಿ ಕಾಣುವುದಿಲ್ಲ, ದನಿ ಮಾತ್ರ ಕೇಳಿಸಿತು. ಟೆಂಪೊ, ಕಾಗೆ, ಗುಡಿಯ ಗಂಟೆ. ಆಮೇಲೆ ಏನೋ ಬಟ್ಟೆ ಒರೆಸಿದಂಥ ಸದ್ದು. ಅದರ ಹಿಂದೆಯೇ ಟೀವಿಯೊಳಗಿನಿಂದ ನಿಮ್ಮವ್ವ ಗಟ್ಟಿಯಾಗಿ, "ಗೋಡಿ ಅದ, ನಿಂದರ್ರಿ."

ಹುಡುಗಿ ಟೀವಿಯನ್ನು ಅಲ್ಲಿಗೇ ನಿಲ್ಲಿಸಿದಳು.

"ಕೆಂಪಗೆ ಏನೋ ಅದ" ಎಂದ ನಿಮ್ಮಪ್ಪ. "ಬಿಳಿ ಬಿಳಿ ತೆನಿ ಇದ್ದಂಗ."

ನಿಮ್ಮವ್ವ ಎದ್ದು ಟೀವಿಯ ಹತ್ತಿರ ಹೋದಳು. ಆಮೇಲೆ ನನ್ನ ಹತ್ತಿರ ಬಂದು ನನ್ನ ಸೆರಗಿನ ತುದಿ ಕೈಗೆ ತೆಗೆದುಕೊಂಡಳು. ಅದರ ಮೇಲೆಯೂ ಕೆಂಪು, ಅದರ ಮೇಲೆಯೂ ಬಿಳಿ ತೆನೆ. "ಇದು ಅತ್ತಿ ಸೆರಗು" ಎಂದಳು.

ಸೆರಗು ತಲೆಗೇರಿಸಿದಾಗ ಅದರ ಅಂಚು ಚಾಳೀಸಿನ ಕಡ್ಡಿಯ ಮೇಲೆ ಇಳಿಯುತ್ತಿತ್ತು. ಕ್ಯಾಮರಾ ಪೂರ್ತಿ ಮುಚ್ಚಿಹೋಗುತ್ತಿತ್ತು. "ಕಣ್ತುಂಬ ಒಂದೇ ಬಣ್ಣ ಬಂದ್ರೆ ಅದು ಗೋಡೆ ಅಂತಲೇ ಅಂದ್ಕೊಳ್ಳುತ್ತೆ ಅಜ್ಜಿ, ಅಷ್ಟೇ ಬುದ್ಧಿ ಅದಕ್ಕೆ" ಎಂದಳು ಹುಡುಗಿ. ಅಲ್ಲಿಗೆ ನನಗೆ ಇನ್ನೊಂದು ಗುಟ್ಟೂ ತಿಳಿಯಿತು. ನಮ್ಮ ಬಿಲ್ಡಿಂಗಿನ ಸೊಸೈಟಿಯ ಹಿರಿಯ ಚೇರ್ಮನ್ನರು ಎದುರು ಬಂದಾಗಲೂ ಅದು ಗೋಡೆ ಎನ್ನುತ್ತಿತ್ತು. ಅವರು ಗಾತ್ರದ ಮನುಷ್ಯರು, ಮಿಷನ್ನಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲವೆಂದು ನಾನು ಸುಮ್ಮನಿದ್ದೆ. ಹಿರಿಯರ ಮುಂದೆ ಸೆರಗು ಹೊದೆಯುವುದು ನನ್ನ ಕೈಗೆ ತಾನಾಗಿಯೇ ಬಂದ ರೂಢಿ.

"ಗೋಡಿ ಅಂತ ಅಂದಾಕಿ ನಾ ಅಲ್ಲ" ಎಂದೆ ನಿಮ್ಮವ್ವನಿಗೆ. "ನೀನಽ ಅಂದಿದ್ದಿ, ಕೇಳಿದೆಲ್ಲ."

ಮೊದಲು ನಕ್ಕವನು ನಿಮ್ಮಪ್ಪ. ಆಮೇಲೆ ನಿಮ್ಮವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನನ್ನ ಸೆರಗು, ಅವಳ ಬಾಯಿ. ನಕ್ಕು ನಕ್ಕು ಕಣ್ಣೂ ಅದರಿಂದಲೇ ಒರೆಸಿಕೊಂಡಳು.

ನಗು ಇಳಿದ ಮೇಲೆ ಆಕೆ, "ಹಂಗಾರ ಸೆರಗು ಹೊದಿಬ್ಯಾಡ್ರಿ ಅತ್ತಿ, ಮುಗೀತು. ಮಾರುತಿ ಏನ್ ಸಿಟ್ಟಾಗಂಗಿಲ್ಲ" ಎಂದಳು. ನಾನು ಆಗಲಿ ಎನ್ನಬಹುದಿತ್ತು, ಆದರೆ ಗುಡಿ ಬಂದಾಗ ಕೈ ನನ್ನನ್ನು ಕೇಳಿ ಏಳುವುದಿಲ್ಲ.

ಹುಡುಗಿಯೇ ಅಂದಳು: "ಬೇಡ ಆಂಟಿ. ಅಜ್ಜಿ ಥರ ಸೆರಗು ಹೊದ್ದುಕೊಳ್ಳೋರು ಎಷ್ಟು ಜನ ಇದ್ದಾರೋ. ಎಲ್ಲರಿಗೂ ಬಿಡಿ ಅಂತ ಹೇಳೋಕಾಗುತ್ತಾ? ಕ್ಯಾಮರಾನೇ ಜಾಗ ಬಿಡಲಿ. ಅಜ್ಜಿ, ಸೆರಗು ಹೊದ್ದಾಗ ಮುಚ್ಚದೇ ಇರೋ ಜಾಗ ಯಾವುದು ಹೇಳಿ."

ಸೆರಗು ಹೊದ್ದು ತೋರಿಸಿದೆ. ತಲೆ ಮುಚ್ಚಿತು, ಕಿವಿ ಮುಚ್ಚಿತು, ಹೆಗಲು ಮುಚ್ಚಿತು. ಮುಂದೆ ಕೊರಳು ಒಂದೇ ಉಳಿಯಿತು.

ಆಫೀಸಿನ ಮಂದಿ ಗುರುತಿನ ಚೀಟಿ ಹಾಕಿಕೊಳ್ಳುತ್ತಾರಲ್ಲ, ಆ ನಮೂನೆಯ ದಾರದಲ್ಲಿ ಕ್ಯಾಮರಾ ಕೂಡಿಸಿ ವಾರದೊಳಗೆ ತಂದಳು. ನನ್ನ ಕೊರಳು ಖಾಲಿಯಾಗಿ ಎಷ್ಟೋ ವರ್ಷವಾಗಿತ್ತು. ದಾರ ಬೀಳುವಾಗ ಮಂದಿ ಏನಂದಾರು ಎಂದು ಅನ್ನಿಸಿತು. ನಿಮ್ಮವ್ವ ಅದನ್ನು ಸರಿಯಾಗಿ ಎದೆಯ ಮೇಲೆ ಕೂಡಿಸಿ, "ಈಗ ಸಾಹೇಬರಾದ್ರಿ ನೋಡ್ರಿ" ಎಂದಳು. ಅಷ್ಟಕ್ಕೇ ಮನಸ್ಸು ಹಗುರಾಯಿತು.

ಡಾಕ್ಟರ ಹತ್ತಿರ ಹೋಗುವುದು ನಿಂತಿತು. ಆದರೆ ಕರಾರು ಕರಾರೇ ಎಂದಳು ನಿಮ್ಮವ್ವ. "ಇನ್ನೊಂದು ಸಲ ಹೋಗಿ ಬರ್ರಿ, ಆಮೇಲೆ ಹೇಳ್ತೀನಿ." ಹೊರಟೆ. ಗೇಟು, ಟೆಂಪೊ, ಗುಡಿ. ಸೆರಗು ಏರಿತು. ಕೈಮುಗಿದು ಕಾದೆ. ಕಿವಿಯಲ್ಲಿ ನಿಮ್ಮವ್ವ, "ದಾರಿ ಖಾಲಿ ಅದ, ನಡೀರಿ" ಎಂದಳು. ನಡೆದೆ. ಅಷ್ಟು ದಿನ ಇಲ್ಲದ ಗೋಡೆಗೆ ಸುತ್ತು ಹಾಕಿದ್ದ ಕಾಲುಗಳು ಅಲ್ಲಿ ಒಂದಿಷ್ಟು ಅಳುಕಿದವು ಅಷ್ಟೇ.

ಮಾವಶಿ ದಾರ ನೋಡಿ, "ಏನ್ ಆಜಿ, ಆಫೀಸಿಗೆ ಹೊರಟ್ರಾ?" ಎಂದು ಅವಳ ಭಾಷೆಯಲ್ಲಿ ಕೇಳಿದಳು. ಹೌದು ಎಂದೆ. ಮೆಂತ್ಯೆಯ ಸೂಡು ಮೂಸಲು ಪಕ್ಕಕ್ಕೆ ತಿರುಗಿದಾಗ ಕಿವಿಯಲ್ಲಿ ನಿಮ್ಮವ್ವ ಮತ್ತೆ ಅಂದಳು: "ಮುಂದ ಸ್ಕೂಟರ್ ಅದ. ಮನಷ್ಯಾರು ನಿಂತಾರ."

ಕಣ್ಣಿನ ಅಂಚಿನಲ್ಲಿ ನೋಡಿದೆ. ಸ್ಕೂಟರಿನ ಪಕ್ಕ ನೀಲಿ ಪಟ್ಟಿಯ ಚಪ್ಪಲಿ. ನಮ್ಮ ಮನೆಯ ಬಾಗಿಲಲ್ಲಿ ದಿನಾ ನಾನೇ ಜೋಡಿಸಿಡುವ ಚಪ್ಪಲಿ.

"ಬಾರವಾ" ಎಂದೆ ತಲೆ ಎತ್ತದೆ. "ಅಷ್ಟು ದೂರ ಯಾಕ ನಿಂತಿ? ನೀ ಬಂದೀ ಅಂತ ನೀನಽ ಹೇಳಿದಿ ನನಗ."

ನಿಮ್ಮವ್ವ ಬಂದು ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಕೊತ್ತಂಬರಿ ಆರಿಸಿದಳು, ತಪ್ಪು ಸೂಡು ಆರಿಸಿದಳು, ನಾನು ಬದಲಿಸಿದೆ. ಹೊರಡುವಾಗ ಸ್ಕೂಟರಿನ ಹಿಂದೆ ಕೂಡ್ರಿ ಎನ್ನುತ್ತಾಳೆಂದು ಕಾದೆ. ಆಕೆ ಚೀಲವನ್ನು ನನ್ನ ಕೈಗೇ ಕೊಟ್ಟಳು. "ನಾ ಆಫೀಸಿಗೆ ಹೋಗ್ತೀನ್ರಿ. ನೀವು ಸಾವಕಾಶ ಬರ್ರಿ" ಎಂದು ಸ್ಕೂಟರು ಹೊಡೆದುಕೊಂಡು ಹೋದಳು. ಅಲ್ಲಿಂದ ಇಲ್ಲಿಯವರೆಗೆ ಬೆಳಗಿನ ಚೀಲ ನನ್ನದೇ.

ಈ ಹಾಳೆಗಳನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ. ಮಾರ್ಕರಿನ ಮಸಿ ನೀರು ಬಿದ್ದರೆ ಹರಡುತ್ತದೆ, ಅಡಿಗೆಮನೆಯಲ್ಲಿ ಇಡಬೇಡಿ. ನನ್ನ ಟ್ರಂಕಿನಲ್ಲಿ, ಕೆಂಪು ಸೆರಗಿನ ಆ ಇಳಕಲ್ ಸೀರೆಯ ಮಡಿಕೆಯೊಳಗೆ ಇಡಿ, ನುಸಿ ಗುಳಿಗೆ ಹಾಕಲು ಮರೆಯಬೇಡಿ. ನಿಮ್ಮವ್ವ ಬಂದವರ ಮುಂದೆ ಗೋಡೆಯ ಕಥೆ ಶುರುಮಾಡಿದ ದಿನ ಹೊರಗೆ ತೆಗೆದು ಓದಿರಿ, ಓದಿದ ಮೇಲೆ ಮತ್ತೆ ಅಲ್ಲೇ ಇಡಿರಿ.